ಚಲನ ಸಂವೇದಕಗಳ ಮೇಲೆ ಶಬ್ದದ ದಾಳಿ: ಪತ್ತೆಗೆ ಆಳ ಕಲಿಕೆಯ ನೆರವು

ಕಣ್ಣು ಮುಚ್ಚಿ ನಿಂತ ಮನುಷ್ಯನಿಗೂ ತಾನು ನೆಟ್ಟಗೆ ನಿಂತಿರುವೆನೋ, ಒಂದು ಕಡೆಗೆ ವಾಲಿರುವೆನೋ ಎಂಬುದು ತಿಳಿಯುತ್ತದೆ. ಒಳಗಿವಿಯಲ್ಲಿರುವ ಅರ್ಧವೃತ್ತಾಕಾರದ ಮೂರು ನಾಳಗಳೂ ಅವುಗಳ ಬಳಿಯಿರುವ ಸೂಕ್ಷ್ಮ ಅಂಗಗಳೂ ತಲೆಯ ಚಲನೆಯನ್ನು ಅಳೆದು ಮಿದುಳಿಗೆ ಕ್ಷಣಕ್ಷಣವೂ ವರದಿ ಸಲ್ಲಿಸುತ್ತಿರುವುದೇ ಇದಕ್ಕೆ ಕಾರಣ. ಆದರೆ ಗಿರಗಿರನೆ ಸುತ್ತಿ ಥಟ್ಟನೆ ನಿಂತ ಮಗುವಿಗೆ ನೆಲವೇ ತಿರುಗುತ್ತಿರುವಂತೆ ಭಾಸವಾಗುತ್ತದೆ. ದೇಹ ನಿಂತಿದ್ದರೂ ನಾಳದೊಳಗಿನ ದ್ರವ ಇನ್ನೂ ಚಲಿಸುತ್ತಿರುವುದರಿಂದ ಒಳಗಿವಿ ತಪ್ಪು ವರದಿ ನೀಡುತ್ತದೆ. ಮಗು ಗೋಡೆಯನ್ನು ಹಿಡಿದುಕೊಂಡು, ಕಣ್ಣೆದುರಿನ ಸ್ಥಿರವಾದ ವಸ್ತುವೊಂದನ್ನು ನೋಡಿ, ಬೀಳದೆ ಉಳಿಯುತ್ತದೆ. ಒಂದು ಇಂದ್ರಿಯ ತಪ್ಪಿದಾಗ ಬೇರೆ ಇಂದ್ರಿಯಗಳು ಅದನ್ನು ತಿದ್ದುತ್ತವೆ.

ಯಂತ್ರಗಳಿಗೂ ಇಂದು ಇಂತಹ ಒಳಗಿವಿ ಇದೆ. ಅದನ್ನು ಚಲನ ಸಂವೇದಕ ಎನ್ನುತ್ತಾರೆ. ಮೊಬೈಲ್ ಫೋನು, ಡ್ರೋನ್, ಮೋಟಾರು ಕಾರು, ನಡಿಗೆಯ ಹೆಜ್ಜೆ ಎಣಿಸುವ ಕೈಪಟ್ಟಿ ಮುಂತಾದ ಅನೇಕ ಸಾಧನಗಳು ಈ ಸಂವೇದಕದ ಮಾತನ್ನು ನಂಬಿ ಕೆಲಸ ಮಾಡುತ್ತವೆ. ಹೊರಗಿನಿಂದ ಹೊರಡಿಸಿದ ಶಬ್ದವೊಂದು ಈ ಸಂವೇದಕದಿಂದ ಸುಳ್ಳು ಹೇಳಿಸಬಲ್ಲದು ಎಂಬ ಸಂಗತಿ ಕಳೆದ ಕೆಲವು ವರ್ಷಗಳಲ್ಲಿ ಪ್ರಯೋಗಗಳಿಂದ ಸಿದ್ಧವಾಗಿದೆ. ಆ ಸುಳ್ಳನ್ನು ಯಂತ್ರವೇ ಹೇಗೆ ಗುರುತಿಸಬಹುದು, ಅದರಲ್ಲಿ ಆಳ ಕಲಿಕೆ ಅಥವಾ ಡೀಪ್ ಲರ್ನಿಂಗ್ ಎಂಬ ಗಣಕ ವಿಧಾನದ ಪಾತ್ರವೇನು, ಅದರ ಇತಿಮಿತಿಗಳೇನು ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಚಲನ ಸಂವೇದಕ ಎಂದರೇನು?

ಚಲನ ಸಂವೇದಕಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಮೊದಲನೆಯದು ವೇಗೋತ್ಕರ್ಷ ಮಾಪಕ. ವಸ್ತುವಿನ ವೇಗ ಎಷ್ಟು ಬೇಗ ಬದಲಾಗುತ್ತಿದೆ, ಅದು ಭೂಮಿಯ ಗುರುತ್ವಕ್ಕೆ ಹೋಲಿಸಿದರೆ ಯಾವ ಕಡೆ ವಾಲಿದೆ ಎಂಬುದನ್ನು ಇದು ಅಳೆಯುತ್ತದೆ. ಎರಡನೆಯದು ಗೈರೋಸ್ಕೋಪ್. ವಸ್ತು ತನ್ನ ಅಕ್ಷದ ಸುತ್ತ ಎಷ್ಟು ವೇಗವಾಗಿ ತಿರುಗುತ್ತಿದೆ ಎಂಬುದನ್ನು ಇದು ಅಳೆಯುತ್ತದೆ.

ಹಿಂದಿನ ಕಾಲದಲ್ಲಿ ವಿಮಾನಗಳಲ್ಲೂ ಹಡಗುಗಳಲ್ಲೂ ಬಳಕೆಯಲ್ಲಿದ್ದ ಗೈರೋಸ್ಕೋಪ್ ಎಂದರೆ ರಭಸದಿಂದ ತಿರುಗುವ ಭಾರವಾದ ಚಕ್ರವಾಗಿತ್ತು. ಇಂದು ಫೋನಿನೊಳಗಿರುವುದು ಕೆಲವೇ ಮಿಲಿಮೀಟರ್ ಗಾತ್ರದ ಸಿಲಿಕಾನ್ ಚಿಪ್. ಸೂಕ್ಷ್ಮ ವಿದ್ಯುತ್-ಯಾಂತ್ರಿಕ ವ್ಯವಸ್ಥೆ ಎಂಬರ್ಥದ ‘ಮೆಮ್ಸ್’ ಎಂಬ ಹೆಸರಿನಿಂದ ಈ ತಂತ್ರಜ್ಞಾನ ಪ್ರಸಿದ್ಧವಾಗಿದೆ. ಕಾರುಗಳ ಏರ್‌ಬ್ಯಾಗ್‌ಗಳನ್ನು ಬಿಡುಗಡೆ ಮಾಡಲು 1990ರ ದಶಕದಲ್ಲಿ ಇಂತಹ ವೇಗೋತ್ಕರ್ಷ ಮಾಪಕಗಳು ಬಳಕೆಗೆ ಬಂದವು. ಅಲ್ಲಿಂದ ಮುಂದೆ ಬೆಲೆ ಇಳಿದಂತೆಲ್ಲ ಅವು ಮನೆಮನೆಯ ವಸ್ತುಗಳೊಳಗೆ ಸೇರಿಕೊಂಡವು.

ವೇಗೋತ್ಕರ್ಷ ಮಾಪಕದ ಒಳಗೆ ಸಿಲಿಕಾನಿನಿಂದಲೇ ಕೊರೆದ ಒಂದು ಪುಟ್ಟ ತೂಕ, ಅಷ್ಟೇ ಪುಟ್ಟ ಸ್ಪ್ರಿಂಗ್‌ಗಳಿಂದ ತೂಗುತ್ತಿರುತ್ತದೆ. ಬಸ್ಸು ಥಟ್ಟನೆ ಹೊರಟಾಗ ನಿಂತ ಪ್ರಯಾಣಿಕರು ಹಿಂದಕ್ಕೆ ವಾಲುವಂತೆ, ಸಾಧನ ಚಲಿಸಿದಾಗ ಈ ತೂಕವೂ ತುಸು ಸರಿಯುತ್ತದೆ. ಅದರ ಪಕ್ಕದಲ್ಲಿರುವ ಸೂಕ್ಷ್ಮ ಫಲಕಗಳ ನಡುವಿನ ಅಂತರ ಬದಲಾಗಿ, ಅವುಗಳ ವಿದ್ಯುತ್ ಧಾರಕತೆಯೂ ಬದಲಾಗುತ್ತದೆ. ಆ ಬದಲಾವಣೆಯೇ ಚಲನೆಯ ಅಳತೆ. ಗೈರೋಸ್ಕೋಪಿನಲ್ಲಿ ಇಂತಹ ತೂಕವನ್ನು ಒಂದು ದಿಕ್ಕಿನಲ್ಲಿ ಸದಾ ಕಂಪಿಸುವಂತೆ ಮಾಡಲಾಗಿರುತ್ತದೆ. ಸಾಧನ ತಿರುಗಿದ ಕೂಡಲೇ ಅಡ್ಡ ದಿಕ್ಕಿನಲ್ಲಿ ಒಂದು ಬಲ ತೋರಿಬರುತ್ತದೆ. 1835ರಲ್ಲಿ ಇದನ್ನು ಗಣಿತದ ಮೂಲಕ ವಿವರಿಸಿದ ಫ್ರೆಂಚ್ ವಿಜ್ಞಾನಿಯ ಹೆಸರಿನಿಂದ ಅದಕ್ಕೆ ಕೊರಿಯೊಲಿಸ್ ಬಲ ಎನ್ನುತ್ತಾರೆ. ಅಡ್ಡ ದಿಕ್ಕಿನ ಆ ಅಲುಗಾಟವನ್ನು ಅಳೆದು ತಿರುಗುವ ವೇಗವನ್ನು ತಿಳಿಯಲಾಗುತ್ತದೆ.

ಎರಡರಲ್ಲೂ ಮೂಲವಸ್ತು ಒಂದೇ: ಸ್ಪ್ರಿಂಗಿನಲ್ಲಿ ತೂಗುವ ತೂಕ. ಸಂವೇದಕದ ಶಕ್ತಿಯೂ ದೌರ್ಬಲ್ಯವೂ ಅದರಲ್ಲಿಯೇ ಅಡಗಿವೆ.

ಶಬ್ದವು ಸಂವೇದಕವನ್ನು ಮೋಸಗೊಳಿಸುವ ಬಗೆ

ತೂಗುಯ್ಯಾಲೆಯನ್ನು ತಳ್ಳುವವರಿಗೆ ಒಂದು ಸಂಗತಿ ಅನುಭವದಿಂದಲೇ ಗೊತ್ತಿರುತ್ತದೆ. ಉಯ್ಯಾಲೆಯ ಸಹಜ ಲಯಕ್ಕೆ ಹೊಂದಿಕೊಂಡು ತಳ್ಳಿದರೆ ಬೆರಳ ತುದಿಯ ಬಲವೂ ಸಾಕು, ಅದು ಮೇಲಮೇಲಕ್ಕೆ ಜೀಕುತ್ತದೆ. ಶ್ರುತಿ ಕೂಡಿಸಿದ ಎರಡು ತಂಬೂರಿಗಳಲ್ಲಿ ಒಂದರ ತಂತಿಯನ್ನು ಮೀಟಿದರೆ ಇನ್ನೊಂದರ ತಂತಿಯೂ ಮಿಡಿಯುತ್ತದೆ. ಇದನ್ನು ಅನುರಣನೆ ಎನ್ನುತ್ತಾರೆ. ಸ್ಪ್ರಿಂಗಿನಲ್ಲಿ ತೂಗುವ ಪ್ರತಿಯೊಂದು ತೂಕಕ್ಕೂ ಇಂತಹ ಒಂದು ಸಹಜ ಲಯ ಇದ್ದೇ ಇರುತ್ತದೆ. ಚಿಪ್‌ನೊಳಗಿನ ತೂಕ ಅತಿ ಚಿಕ್ಕದಾದುದರಿಂದ ಆ ಲಯ ಸೆಕೆಂಡಿಗೆ ಸಾವಿರಾರು ಕಂಪನಗಳಷ್ಟು ವೇಗವಾಗಿರುತ್ತದೆ. ಶಬ್ದವೆಂದರೆ ಗಾಳಿಯ ಕಂಪನ. ಸಂವೇದಕದ ಸಹಜ ಆವೃತ್ತಿಗೆ ಸರಿಹೊಂದುವ ಶಬ್ದವನ್ನು ಸಮೀಪದಿಂದ ಹೊರಡಿಸಿದರೆ, ಸಾಧನ ಅಲುಗಾಡದೆ ಇದ್ದರೂ ಒಳಗಿನ ತೂಕ ಅಲುಗಾಡುತ್ತದೆ.

ಇಷ್ಟರಿಂದಲೇ ಮೋಸ ಪೂರ್ಣವಾಗುವುದಿಲ್ಲ. ಸೆಕೆಂಡಿಗೆ ಸಾವಿರಾರು ಬಾರಿ ಹಿಂದೆ ಮುಂದೆ ಆಗುವ ಅಲುಗಾಟವನ್ನು ಸೋಸಿ ತೆಗೆಯಲು ಸಾಧನದಲ್ಲಿ ವಿದ್ಯುತ್ ಶೋಧಕಗಳಿರುತ್ತವೆ. ಆದರೂ ಎರಡು ಬಿರುಕುಗಳು ಉಳಿಯುತ್ತವೆ.

ಮೊದಲನೆಯದು ವರ್ಧಕದ ಮಿತಿ. ಅಲುಗಾಟ ತೀರ ಹೆಚ್ಚಾದಾಗ ಸಂಕೇತವನ್ನು ಹಿಗ್ಗಿಸುವ ವರ್ಧಕವು ಅದರ ಶಿಖರಗಳನ್ನು ಕತ್ತರಿಸಿಬಿಡುತ್ತದೆ. ಮೇಲಿನ ಮತ್ತು ಕೆಳಗಿನ ಶಿಖರಗಳು ಸಮವಾಗಿ ಕತ್ತರಿಸಲ್ಪಡದಿದ್ದರೆ ಸರಾಸರಿಯು ಸೊನ್ನೆಯಾಗಿ ಉಳಿಯುವುದಿಲ್ಲ. ಮೇಜಿನ ಮೇಲೆ ಸುಮ್ಮನೆ ಮಲಗಿರುವ ಸಾಧನವೂ ತಾನು ಒಂದೇ ದಿಕ್ಕಿಗೆ ಸಾಗುತ್ತಿರುವುದಾಗಿ ವರದಿ ಮಾಡತೊಡಗುತ್ತದೆ.

ಎರಡನೆಯದು ಅಳತೆಗಳ ನಡುವಿನ ಬಿಡುವು. ಗಣಕವು ಸಂಕೇತವನ್ನು ಎಡೆಬಿಡದೆ ನೋಡುವುದಿಲ್ಲ, ನಿಯತ ಕಾಲಾಂತರದಲ್ಲಿ ಒಮ್ಮೊಮ್ಮೆ ನೋಡುತ್ತದೆ. ಚಲನಚಿತ್ರದಲ್ಲಿ ಓಡುವ ಜಟಕಾ ಗಾಡಿಯ ಚಕ್ರ ನಿಂತಂತೆಯೂ ನಿಧಾನವಾಗಿ ಹಿಂದಕ್ಕೆ ತಿರುಗುವಂತೆಯೂ ಕಾಣುವುದು ಇದೇ ಕಾರಣದಿಂದ. ಒಂದು ಸಂವೇದಕದಿಂದ ಸೆಕೆಂಡಿಗೆ 1,000 ಬಾರಿ ಅಳತೆ ತೆಗೆಯಲಾಗುತ್ತಿದೆ ಎಂದಿಟ್ಟುಕೊಳ್ಳೋಣ. 5,000 ಹರ್ಟ್ಸ್ ಆವೃತ್ತಿಯ ಕಂಪನ ಎರಡು ಅಳತೆಗಳ ನಡುವೆ ಸರಿಯಾಗಿ ಐದು ಸುತ್ತು ಮುಗಿಸುತ್ತದೆ. ಆದುದರಿಂದ ಪ್ರತಿ ಸಲವೂ ಅದೇ ಬಿಂದುವೇ ಗಣಕಕ್ಕೆ ಕಂಡು, ಬದಲಾಗದ ಸ್ಥಿರ ಮೌಲ್ಯವೆನಿಸುತ್ತದೆ. ಆವೃತ್ತಿಯನ್ನು 5,001ಕ್ಕೆ ಏರಿಸಿದರೆ ಸೆಕೆಂಡಿಗೆ ಒಮ್ಮೆ ಹಿಂದೆ ಮುಂದೆ ತೂಗುವ ನಿಧಾನ ಚಲನೆಯಂತೆ ಕಾಣುತ್ತದೆ. ಮನುಷ್ಯನ ನಡಿಗೆಯೂ ಹೆಚ್ಚುಕಡಿಮೆ ಇದೇ ವೇಗದ್ದು. ಹೀಗೆ ಕಿವಿಗಡಚಿಕ್ಕುವ ಕೀರಲು ಶಬ್ದವೊಂದು ಗಣಕದ ಲೆಕ್ಕದಲ್ಲಿ ಸಹಜವಾದ ಚಲನೆಯ ವೇಷ ಧರಿಸುತ್ತದೆ.

ಪ್ರಯೋಗಗಳು ತೋರಿಸಿಕೊಟ್ಟ ಸಂಗತಿ

ದಕ್ಷಿಣ ಕೊರಿಯಾದ ಕೈಸ್ಟ್ ಸಂಸ್ಥೆಯ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 15 ಬಗೆಯ ಮೆಮ್ಸ್ ಗೈರೋಸ್ಕೋಪ್‌ಗಳನ್ನು ಪರೀಕ್ಷಿಸಿದರು. ಅವುಗಳಲ್ಲಿ 7 ಬಗೆಗಳು ಶಬ್ದಕ್ಕೆ ಅನುರಣಿಸಿದವು. ಕೆಲವು ಕಿವಿಗೆ ಕೇಳಿಸುವ ಆವೃತ್ತಿಗೂ, ಕೆಲವು 20,000 ಹರ್ಟ್ಸ್‌ಗೂ ಮೇಲ್ಪಟ್ಟ ಶ್ರವಣಾತೀತ ಆವೃತ್ತಿಗೂ ಸ್ಪಂದಿಸಿದವು. ಸಾಮಾನ್ಯ ಧ್ವನಿವರ್ಧಕವನ್ನೇ ಬಳಸಿ, ಅತಿ ಸಮೀಪದಿಂದ ಶಬ್ದ ಹೊರಡಿಸಿದಾಗ, ದುರ್ಬಲ ಗೈರೋಸ್ಕೋಪ್ ಹೊಂದಿದ್ದ ಡ್ರೋನ್ ಹತೋಟಿ ತಪ್ಪಿ ನೆಲಕ್ಕೆ ಬಿದ್ದಿತು.

ಅಮೆರಿಕದ ಮಿಚಿಗನ್ ಮತ್ತು ದಕ್ಷಿಣ ಕೆರೊಲಿನಾ ವಿಶ್ವವಿದ್ಯಾನಿಲಯಗಳ ಸಂಶೋಧಕರು 2017ರಲ್ಲಿ ‘ವಾಲ್ನಟ್’ ಎಂಬ ಹೆಸರಿನ ಅಧ್ಯಯನವನ್ನು ಪ್ರಕಟಿಸಿದರು. ಐದು ತಯಾರಕರ 20 ಮಾದರಿಯ ವೇಗೋತ್ಕರ್ಷ ಮಾಪಕಗಳನ್ನು ಅವರು ಪರೀಕ್ಷಿಸಿದರು. ಶೇಕಡಾ 75ರಷ್ಟು ಮಾದರಿಗಳ ವರದಿಯನ್ನು ಶಬ್ದದಿಂದ ಕೆಡಿಸಲು ಸಾಧ್ಯವಾಯಿತು. ಶೇಕಡಾ 65ರಷ್ಟು ಮಾದರಿಗಳಿಂದ ತಮಗೆ ಬೇಕಾದಂತೆಯೇ ಹೇಳಿಸಲು ಸಾಧ್ಯವಾಯಿತು. ಕಡಿಮೆ ಬೆಲೆಯ ಧ್ವನಿವರ್ಧಕವೊಂದರಿಂದ ಕೈಪಟ್ಟಿಯು ಇಡದ ಹೆಜ್ಜೆಗಳನ್ನು ಎಣಿಸಿತು. ಫೋನೊಂದರಲ್ಲಿ ನುಡಿಸಿದ ಸಂಗೀತದ ಕಡತವು ಅದೇ ಫೋನಿನ ಸಂವೇದಕದ ಮೂಲಕ ಆಟಿಕೆ ಕಾರಿನ ಚಲನೆಯನ್ನು ನಿಯಂತ್ರಿಸಿತು. ಈ ಕುರಿತು ಅಮೆರಿಕದ ಕೈಗಾರಿಕಾ ನಿಯಂತ್ರಣ ವ್ಯವಸ್ಥೆಗಳ ತುರ್ತು ಸ್ಪಂದನ ತಂಡವು 2017ರ ಮಾರ್ಚ್ ತಿಂಗಳಿನಲ್ಲಿ ಎಚ್ಚರಿಕೆಯ ಪ್ರಕಟಣೆಯನ್ನು ಹೊರಡಿಸಿತು.

ಇವೆಲ್ಲವೂ ಸಂಶೋಧಕರು ಲೋಪವನ್ನು ಅರಿಯುವುದಕ್ಕಾಗಿ ನಡೆಸಿದ ಪರೀಕ್ಷೆಗಳು ಎಂಬುದನ್ನು ಮರೆಯಬಾರದು. ದೂರದಿಂದ ಇಂತಹ ದಾಳಿ ನಡೆಸುವುದು ಸುಲಭವಲ್ಲ. ಬಯಲಿನಲ್ಲಿ ಶಬ್ದದ ಮೂಲದಿಂದ ದೂರ ಇಮ್ಮಡಿಯಾದಾಗಲೆಲ್ಲ ಶಬ್ದದ ಮಟ್ಟ ಸುಮಾರು 6 ಡೆಸಿಬೆಲ್‌ಗಳಷ್ಟು ಇಳಿಯುತ್ತದೆ. 1 ಮೀಟರ್ ದೂರದಲ್ಲಿ 120 ಡೆಸಿಬೆಲ್ ಇದ್ದ ಶಬ್ದ 2 ಮೀಟರಿನಲ್ಲಿ 114, 4 ಮೀಟರಿನಲ್ಲಿ 108, 32 ಮೀಟರಿನಲ್ಲಿ 90 ಡೆಸಿಬೆಲ್‌ಗೆ ಇಳಿಯುತ್ತದೆ. ಶ್ರವಣಾತೀತ ಶಬ್ದವನ್ನು ಗಾಳಿ ಇನ್ನೂ ಬೇಗ ಹೀರಿಕೊಳ್ಳುತ್ತದೆ. ಹೋಲಿಕೆಗಾಗಿ ಹೇಳುವುದಾದರೆ, ಭಾರತದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶದಲ್ಲಿ ಹಗಲು ಹೊತ್ತಿಗೆ ನಿಗದಿಪಡಿಸಿರುವ ಮಿತಿ 55 ಡೆಸಿಬೆಲ್. ಆದುದರಿಂದ ಸಾರ್ವಜನಿಕರು ಭಯಪಡಬೇಕಾದ ಕಾರಣವಿಲ್ಲ. ಆದರೆ ಯಂತ್ರಗಳ ವಿನ್ಯಾಸಕಾರರು ಉಪೇಕ್ಷಿಸುವಂತೆಯೂ ಇಲ್ಲ.

ಆಳ ಕಲಿಕೆಯ ಪರಿಚಯ

ಅನೇಕ ವರ್ಷ ಒಂದೇ ಬಸ್ಸನ್ನು ಓಡಿಸಿದ ಚಾಲಕನಿಗೆ ಎಂಜಿನಿನ ಸದ್ದಿನಲ್ಲಿ ಏನೋ ವ್ಯತ್ಯಾಸವಾಗಿದೆ ಎಂಬುದು ಕೂಡಲೇ ತಿಳಿಯುತ್ತದೆ. ಯಾವ ನಿಯಮದ ಆಧಾರದಿಂದ ತಿಳಿಯಿತು ಎಂದು ಕೇಳಿದರೆ ಆತ ಹೇಳಲಾರ. ಸಾವಿರಾರು ಗಂಟೆಗಳ ಅನುಭವ ಆತನಲ್ಲಿ ‘ಸಹಜ ಸದ್ದು’ ಎಂಬ ಒಂದು ಅಚ್ಚನ್ನು ಮೂಡಿಸಿರುತ್ತದೆ. ಅದಕ್ಕೆ ಹೊಂದದ ಸದ್ದು ಆತನ ಗಮನವನ್ನು ಸೆಳೆಯುತ್ತದೆ.

ಆಳ ಕಲಿಕೆಯೂ ಇದೇ ಬಗೆಯದು. ಇದರಲ್ಲಿ ಕೃತಕ ನರಜಾಲವೆಂಬ ಗಣಿತದ ರಚನೆಯನ್ನು ಬಳಸಲಾಗುತ್ತದೆ. ಅನೇಕ ಪದರಗಳಲ್ಲಿ ಜೋಡಿಸಿದ ಸಾವಿರಾರು ಸಣ್ಣ ಲೆಕ್ಕಗಳ ಸರಪಳಿಯೇ ಈ ಜಾಲ. ಪ್ರತಿಯೊಂದು ಕೊಂಡಿಗೂ ಒಂದೊಂದು ತೂಕದ ಸಂಖ್ಯೆ ಇರುತ್ತದೆ. ಜಾಲಕ್ಕೆ ಒಂದು ಉದಾಹರಣೆಯನ್ನು ಕೊಟ್ಟು, ಅದು ನೀಡಿದ ಉತ್ತರವನ್ನು ಸರಿಯಾದ ಉತ್ತರದೊಡನೆ ಹೋಲಿಸಿ, ತಪ್ಪು ಕಡಿಮೆಯಾಗುವಂತೆ ಆ ಸಂಖ್ಯೆಗಳನ್ನು ತುಸುತುಸುವೇ ತಿದ್ದಲಾಗುತ್ತದೆ. ಹೀಗೆ ಲಕ್ಷಾಂತರ ಬಾರಿ ತಿದ್ದಿದ ಮೇಲೆ ಜಾಲವು ಕಲಿತಿದೆ ಎನ್ನಬಹುದು. ತಪ್ಪನ್ನು ಕೊನೆಯ ಪದರದಿಂದ ಹಿಂದುಹಿಂದಕ್ಕೆ ಹಂಚಿ ತಿದ್ದುವ ಈ ವಿಧಾನವನ್ನು ರುಮೆಲ್ಹಾರ್ಟ್, ಹಿಂಟನ್ ಮತ್ತು ವಿಲಿಯಮ್ಸ್ ಅವರು 1986ರಲ್ಲಿ ಪ್ರಕಟಿಸಿದ ಲೇಖನ ಪ್ರಸಿದ್ಧಗೊಳಿಸಿತು. ಹಿಂಟನ್ ಅವರು ನರಜಾಲಗಳ ಕುರಿತ ತಮ್ಮ ಕಾರ್ಯಕ್ಕಾಗಿ 2024ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕವನ್ನು ಜಾನ್ ಹಾಪ್‌ಫೀಲ್ಡ್ ಅವರೊಂದಿಗೆ ಹಂಚಿಕೊಂಡರು.

ಪತ್ತೆಯ ಮೂರು ವಿಧಾನಗಳು

ಸಂವೇದಕದಿಂದ ಬರುವ ಅಂಕಿಗಳ ಪ್ರವಾಹವನ್ನು ಸಣ್ಣ ಸಣ್ಣ ಕಾಲಖಂಡಗಳಾಗಿ, ಉದಾಹರಣೆಗೆ ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕೊಂದರಂತೆ, ತುಂಡರಿಸಿ ನರಜಾಲಕ್ಕೆ ನೀಡಲಾಗುತ್ತದೆ. ಆ ತುಂಡು ಸಹಜವೋ ಅಸಹಜವೋ ಎಂದು ನಿರ್ಣಯಿಸುವಲ್ಲಿ ಮೂರು ಮಾರ್ಗಗಳಿವೆ.

ಮೊದಲನೆಯದು ವಿಂಗಡಣೆ. ಪ್ರಯೋಗಾಲಯದಲ್ಲಿ ಬೇರೆ ಬೇರೆ ಆವೃತ್ತಿಯ, ಬೇರೆ ಬೇರೆ ಮಟ್ಟದ ಶಬ್ದಗಳನ್ನು ಸಂವೇದಕದ ಬಳಿ ಹೊರಡಿಸಿ, ಅದರ ವರದಿಗಳನ್ನು ದಾಖಲಿಸಿಕೊಳ್ಳಲಾಗುತ್ತದೆ. ಶಬ್ದವಿಲ್ಲದ ಸಹಜ ಚಲನೆಯನ್ನೂ ದಾಖಲಿಸಲಾಗುತ್ತದೆ. ಎರಡಕ್ಕೂ ಹೆಸರು ಹಚ್ಚಿ ಜಾಲಕ್ಕೆ ಕಲಿಸಲಾಗುತ್ತದೆ. ಕಲಿಸಿದ ಬಗೆಯ ದಾಳಿಯನ್ನು ಗುರುತಿಸುವುದರಲ್ಲಿ ಇದು ನಿಪುಣ. ಕಲಿಸದೆ ಇದ್ದ ಹೊಸ ಬಗೆಯ ದಾಳಿ ಎದುರಾದಾಗ ಎಡವಬಹುದು.

ಎರಡನೆಯದು ಸಹಜ ಸ್ಥಿತಿಯನ್ನು ಮಾತ್ರ ಕಲಿಸುವ ಮಾರ್ಗ. ಇದರಲ್ಲಿ ಆಟೋಎನ್‌ಕೋಡರ್ ಎಂಬ ಬಗೆಯ ಜಾಲವನ್ನು ಬಳಸುತ್ತಾರೆ. ಇದು ತನಗೆ ಕೊಟ್ಟ ಸಂಕೇತವನ್ನು ಮೊದಲು ಕೆಲವೇ ಸಂಖ್ಯೆಗಳಿಗೆ ಸಂಕ್ಷೇಪಿಸಿ, ಅನಂತರ ಆ ಸಂಕ್ಷೇಪದಿಂದ ಮೂಲ ಸಂಕೇತವನ್ನು ಮತ್ತೆ ಕಟ್ಟಲು ಯತ್ನಿಸುತ್ತದೆ. ಸಹಜ ಚಲನೆಯನ್ನೇ ಕಂಡು ಬೆಳೆದ ಜಾಲವು ಸಹಜ ಸಂಕೇತವನ್ನು ಚೆನ್ನಾಗಿ ಕಟ್ಟುತ್ತದೆ. ಶಬ್ದದಿಂದ ಕೆಟ್ಟ ಸಂಕೇತವನ್ನು ಕಟ್ಟಲು ಹೋದಾಗ ಮೂಲಕ್ಕೂ ನಕಲಿಗೂ ನಡುವೆ ದೊಡ್ಡ ವ್ಯತ್ಯಾಸ ಉಳಿಯುತ್ತದೆ. ಆ ವ್ಯತ್ಯಾಸ ಗೊತ್ತುಪಡಿಸಿದ ಮಿತಿಯನ್ನು ದಾಟಿದರೆ ಎಚ್ಚರಿಕೆ ನೀಡಲಾಗುತ್ತದೆ. ದಾಳಿಯ ಉದಾಹರಣೆಗಳನ್ನು ಮುಂಚಿತವಾಗಿ ಸಂಗ್ರಹಿಸುವ ಅಗತ್ಯವಿಲ್ಲದಿರುವುದು ಈ ಮಾರ್ಗದ ಅನುಕೂಲ.

ಮೂರನೆಯದು ಮುನ್ನೋಟದ ಮಾರ್ಗ. ಹಿಂದಿನ ಅಳತೆಗಳಿಂದ ಮುಂದಿನ ಅಳತೆ ಏನಾಗಿರಬೇಕೆಂದು ಜಾಲವು ಊಹಿಸುತ್ತದೆ. ಹಳೆಯ ಸಂಗತಿಗಳನ್ನು ನೆನಪಿನಲ್ಲಿಟ್ಟುಕೊಳ್ಳಬಲ್ಲ, 1997ರಲ್ಲಿ ಹೊಖ್ರೈಟರ್ ಮತ್ತು ಶ್ಮಿಡ್‌ಹೂಬರ್ ಅವರು ಪ್ರಕಟಿಸಿದ ‘ಎಲ್‌ಎಸ್‌ಟಿಎಂ’ ಎಂಬ ಜಾಲ ಇದಕ್ಕೆ ಉಪಯುಕ್ತ. ಊಹೆಗೂ ವಾಸ್ತವಕ್ಕೂ ನಡುವೆ ಮತ್ತೆ ಮತ್ತೆ ಹೊಂದಿಕೆ ತಪ್ಪಿದರೆ ಸಂಶಯಕ್ಕೆ ಎಡೆಯಾಗುತ್ತದೆ.

ಒಂದೇ ಸಂವೇದಕದ ಮಾತನ್ನು ಮಾತ್ರ ಕೇಳದೆ ಅನೇಕ ಸಂವೇದಕಗಳ ಮಾತನ್ನು ಒಟ್ಟಾಗಿ ಕೇಳಿದಾಗ ಈ ಮೂರು ಮಾರ್ಗಗಳೂ ಹೆಚ್ಚು ಬಲಗೊಳ್ಳುತ್ತವೆ. ಡ್ರೋನ್ ಬಲಕ್ಕೆ ತಿರುಗಿತೆಂದು ಗೈರೋಸ್ಕೋಪ್ ಹೇಳುತ್ತದೆ. ಆದರೆ ದಿಕ್ಸೂಚಿಯಲ್ಲಿ ಬದಲಾವಣೆಯಿಲ್ಲ, ಕ್ಯಾಮರಾದಲ್ಲಿ ನೆಲದ ಚಿತ್ರ ಸರಿದಿಲ್ಲ, ಮೋಟಾರುಗಳಿಗೆ ತಿರುಗುವಂತೆ ಆದೇಶವೂ ಹೋಗಿಲ್ಲ ಎಂದಾದರೆ ಗೈರೋಸ್ಕೋಪಿನ ಮಾತು ಸಂದೇಹಾಸ್ಪದ. ಸುತ್ತಿ ನಿಂತ ಮಗು ಕಣ್ಣಿನ ಸಾಕ್ಷ್ಯದಿಂದ ಒಳಗಿವಿಯನ್ನು ತಿದ್ದಿಕೊಂಡ ಕ್ರಮವೂ ಇದೇ. ಅಳತೆಗಳ ನಡುವಿನ ಬಿಡುವಿನಲ್ಲಿ ನುಸುಳಿದ ಸುಳ್ಳು ಚಲನೆಯು ನೋಡಲು ಸಹಜವಾಗಿಯೇ ಇರುವುದರಿಂದ, ಆ ಸಂಕೇತವೊಂದನ್ನೇ ಎಷ್ಟು ಪರೀಕ್ಷಿಸಿದರೂ ಪ್ರಯೋಜನ ಅಲ್ಪ. ಇತರ ಸಾಕ್ಷ್ಯಗಳೊಡನೆ ಹೋಲಿಸಿದಾಗಲೇ ಅದರ ಬಣ್ಣ ಬಯಲಾಗುತ್ತದೆ.

ನಿಖರತೆಯ ಅಂಕಿಗಳನ್ನು ಓದುವ ಬಗೆ

ಪತ್ತೆಯ ವ್ಯವಸ್ಥೆಯೊಂದು ಶೇಕಡಾ 99.9ರಷ್ಟು ನಿಖರ ಎಂದು ಕೇಳಿದಾಗ ಅದು ದೋಷರಹಿತವೆಂದೇ ತೋರುತ್ತದೆ. ಲೆಕ್ಕ ಹಾಕಿ ನೋಡಿದರೆ ಚಿತ್ರ ಬೇರೆಯಾಗುತ್ತದೆ. ಸೆಕೆಂಡಿಗೆ 10 ಕಾಲಖಂಡಗಳನ್ನು ಪರೀಕ್ಷಿಸುವ ವ್ಯವಸ್ಥೆಯು 20 ನಿಮಿಷಗಳ ಒಂದು ಹಾರಾಟದಲ್ಲಿ 12,000 ಬಾರಿ ನಿರ್ಣಯ ನೀಡಬೇಕು. ಸಾವಿರಕ್ಕೆ ಒಂದರಂತೆ ತಪ್ಪು ಎಚ್ಚರಿಕೆ ಕೊಟ್ಟರೂ ಒಂದು ಹಾರಾಟದಲ್ಲಿ 12 ಬಾರಿ ಕಾರಣವಿಲ್ಲದೆ ಗಂಟೆ ಬಾರಿಸಿದಂತಾಗುತ್ತದೆ. ಪದೇ ಪದೇ ಸುಳ್ಳು ಕೂಗುವ ಕಾವಲುಗಾರನ ಮಾತನ್ನು ಕೊನೆಗೆ ಯಾರೂ ಕೇಳುವುದಿಲ್ಲ.

ಸತತ ಮೂರು ಕಾಲಖಂಡಗಳಲ್ಲಿ ಸಂಶಯ ಬಂದರೆ ಮಾತ್ರ ಎಚ್ಚರಿಕೆ ನೀಡಬೇಕೆಂಬ ನಿಯಮದಿಂದ ತಪ್ಪು ಕೂಗುಗಳು ಕಡಿಮೆಯಾಗುತ್ತವೆ. ಆದರೆ ನಿರ್ಣಯ 0.3 ಸೆಕೆಂಡ್ ತಡವಾಗುತ್ತದೆ. ಈ ತಡದ ಬೆಲೆಯನ್ನೂ ಲೆಕ್ಕ ಹಾಕಬಹುದು. ಆಧಾರ ತಪ್ಪಿದ ವಸ್ತು 0.3 ಸೆಕೆಂಡಿನಲ್ಲಿ ಸುಮಾರು 44 ಸೆಂಟಿಮೀಟರ್ ಬೀಳುತ್ತದೆ. ಒಂದು ಸೆಕೆಂಡಿನಲ್ಲಿ ಸುಮಾರು 4.9 ಮೀಟರ್ ಬೀಳುತ್ತದೆ. ಬೆಳೆಯ ಮೇಲೆ ಎರಡೂವರೆ ಮೀಟರ್ ಎತ್ತರದಲ್ಲಿ ಔಷಧ ಸಿಂಪಡಿಸುತ್ತಿರುವ ಡ್ರೋನ್ ಪೂರ್ಣವಾಗಿ ಆಧಾರ ಕಳೆದುಕೊಂಡರೆ ನೆಲ ಮುಟ್ಟಲು ಬೇಕಾಗುವ ಕಾಲ ಸುಮಾರು 0.7 ಸೆಕೆಂಡ್ ಮಾತ್ರ. ಆದುದರಿಂದ ಪತ್ತೆಯ ವ್ಯವಸ್ಥೆ ಎಷ್ಟು ನಿಖರ ಎಂಬ ಪ್ರಶ್ನೆಯ ಜೊತೆಗೆ ಎಷ್ಟು ಬೇಗ, ಎಷ್ಟು ಸುಳ್ಳು ಕೂಗುಗಳೊಡನೆ ಎಂಬ ಪ್ರಶ್ನೆಗಳನ್ನೂ ಕೇಳಬೇಕಾಗುತ್ತದೆ.

ಪರೀಕ್ಷೆ ನಡೆದ ಬಗೆಯನ್ನೂ ವಿಚಾರಿಸಬೇಕು. ಒಂದೇ ಹಾರಾಟದ ಅಕ್ಕಪಕ್ಕದ ಕಾಲಖಂಡಗಳು ಬಹುಮಟ್ಟಿಗೆ ಒಂದೇ ರೀತಿ ಇರುತ್ತವೆ. ಅವುಗಳಲ್ಲಿ ಕೆಲವನ್ನು ಕಲಿಸಲು, ಉಳಿದವನ್ನು ಪರೀಕ್ಷಿಸಲು ಬಳಸಿದರೆ, ಪ್ರಶ್ನೆಪತ್ರಿಕೆಯನ್ನು ಮೊದಲೇ ನೋಡಿದ ವಿದ್ಯಾರ್ಥಿಯ ಅಂಕದಂತೆ ಫಲಿತಾಂಶ ಹುಸಿಯಾಗಿ ಏರುತ್ತದೆ. ಕಲಿಕೆಯಲ್ಲಿ ಬಳಸದ ಬೇರೆ ದಿನದ, ಬೇರೆ ಗಾಳಿಯ, ಬೇರೆ ಸಾಧನದ ದಾಖಲೆಗಳ ಮೇಲೆ ಪರೀಕ್ಷಿಸಿದ ಅಂಕಿಗಳೇ ವಿಶ್ವಾಸಕ್ಕೆ ಅರ್ಹ.

ಪತ್ತೆಯಾದ ಮೇಲೆ ಮಾಡಬೇಕಾದುದು

ಎಚ್ಚರಿಕೆಯೊಂದೇ ಡ್ರೋನನ್ನು ಕಾಪಾಡುವುದಿಲ್ಲ. ಸುಳ್ಳು ಹೇಳುತ್ತಿರುವ ಸಂವೇದಕವನ್ನು ಬದಿಗಿಟ್ಟು ಇತರ ಸಂವೇದಕಗಳ ನೆರವಿನಿಂದ ನಿಧಾನವಾಗಿ ಇಳಿಸುವುದು ಒಂದು ಉಪಾಯ. ಬೇರೆ ಸಹಜ ಆವೃತ್ತಿಯುಳ್ಳ ಎರಡನೆಯ ಗೈರೋಸ್ಕೋಪನ್ನು ಅಳವಡಿಸಿ, ಮೊದಲನೆಯದು ಕೆಟ್ಟಾಗ ಅದಕ್ಕೆ ಬದಲಾಯಿಸಿಕೊಳ್ಳುವುದು ಇನ್ನೊಂದು. ಒಂದೇ ಶಬ್ದ ಎರಡನ್ನೂ ಏಕಕಾಲಕ್ಕೆ ಅನುರಣಿಸುವಂತೆ ಮಾಡುವುದು ಕಷ್ಟ. ಕೆಟ್ಟ ಸಂಕೇತದಿಂದಲೇ ಮೂಲ ಚಲನೆಯನ್ನು ಬೇರ್ಪಡಿಸಿ ಪಡೆಯುವುದು ಮೂರನೆಯ ಉಪಾಯ. ಆಟೋಎನ್‌ಕೋಡರ್ ಜಾತಿಗೆ ಸೇರಿದ ನರಜಾಲವನ್ನು ಬಳಸಿ ಹೀಗೆ ಮಾಡುವ ವಿಧಾನವೊಂದನ್ನು ಕೊರಿಯಾದ ಸಂಶೋಧಕರು 2023ರಲ್ಲಿ ಪ್ರಕಟಿಸಿದ್ದಾರೆ.

ಈ ಎಲ್ಲ ಲೆಕ್ಕವೂ ಡ್ರೋನಿನೊಳಗಿನ ಚಿಕ್ಕ ಗಣಕದಲ್ಲಿಯೇ ನಡೆಯಬೇಕು. ದೂರದ ಗಣಕಕ್ಕೆ ಕಳುಹಿಸಿ ಉತ್ತರ ತರಿಸಿಕೊಳ್ಳಲು ಸಮಯವಿಲ್ಲ. ಆದುದರಿಂದ ಜಾಲದ ಗಾತ್ರವನ್ನು ಇಳಿಸುವುದು, ಅದರ ತೂಕದ ಸಂಖ್ಯೆಗಳನ್ನು 8 ಬಿಟ್‌ಗಳಷ್ಟು ಚಿಕ್ಕದಾಗಿ ಬರೆಯುವುದು ಮೊದಲಾದ ಮಿತವ್ಯಯದ ಕ್ರಮಗಳು ಅಗತ್ಯವಾಗುತ್ತವೆ.

ಇತಿಮಿತಿಗಳು ಮತ್ತು ಮೂಲ ಪರಿಹಾರ

ಆಳ ಕಲಿಕೆಯು ಕಾವಲುಗಾರನೇ ಹೊರತು ಕೋಟೆಯಲ್ಲ. ಗುಡುಗು, ಜಾತ್ರೆಯ ಪಟಾಕಿ, ಸಡಿಲವಾದ ರೆಕ್ಕೆಯ ನಡುಕ ಇವುಗಳನ್ನೂ ಜಾಲವು ದಾಳಿಯೆಂದು ಭ್ರಮಿಸಬಹುದು. ಒಂದು ಮಾದರಿಯ ಚಿಪ್‌ಗಾಗಿ ಕಲಿತ ಜಾಲವು ಇನ್ನೊಂದು ಮಾದರಿಗೆ ಹೊಂದದೆ ಹೋಗಬಹುದು. ಕಾವಲಿನ ರೀತಿಯನ್ನು ಅರಿತ ದಾಳಿಕೋರನು ಶಬ್ದವನ್ನು ಅತಿ ಮೆಲ್ಲನೆ ಏರಿಸುತ್ತ, ಬದಲಾವಣೆ ಸಹಜವೆಂಬಂತೆ ತೋರಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಜಾಲವು ನೋಡುವುದು ಗಣಕಕ್ಕೆ ತಲುಪಿದ ಅಂಕಿಗಳನ್ನು ಮಾತ್ರ. ಅಳತೆಯ ಹಂತದಲ್ಲಿಯೇ ಕಳೆದುಹೋದ ಮಾಹಿತಿಯನ್ನು ಯಾವ ಕಲಿಕೆಯೂ ಮರಳಿ ತರಲಾರದು.

ಆದುದರಿಂದ ಪರಿಹಾರ ಆರಂಭವಾಗಬೇಕಾದುದು ವಿನ್ಯಾಸದಿಂದಲೇ. ಸಂವೇದಕದ ಸುತ್ತ ಶಬ್ದವನ್ನು ಹೀರುವ ನೊರೆಪದಾರ್ಥದ ಹೊದಿಕೆ ಹಾಕುವುದು, ದೊಡ್ಡ ಅಲುಗಾಟವನ್ನೂ ಕತ್ತರಿಸದೆ ತಾಳಿಕೊಳ್ಳುವ ವರ್ಧಕವನ್ನು ಬಳಸುವುದು, ಅಳತೆಗೆ ಮೊದಲೇ ಅತಿವೇಗದ ಕಂಪನಗಳನ್ನು ಸರಿಯಾಗಿ ಸೋಸುವುದು ಸರಳ ಕ್ರಮಗಳು. ಅಳತೆಗಳನ್ನು ನಿಯತ ಕಾಲಾಂತರದಲ್ಲಿ ತೆಗೆಯದೆ ಅನಿಯತವಾಗಿ ತೆಗೆಯುವ ಸೂಚನೆಯನ್ನು 2017ರ ಅಧ್ಯಯನವೇ ನೀಡಿದೆ. ಅಳತೆಯ ಗಳಿಗೆ ಯಾವುದೆಂದು ತಿಳಿಯದ ದಾಳಿಕೋರನಿಗೆ ತನ್ನ ಶಬ್ದವನ್ನು ಅದಕ್ಕೆ ಹೊಂದಿಸಲು ಆಗುವುದಿಲ್ಲ. ಇಂತಹ ವಿನ್ಯಾಸದ ಹಿಂದೆ ಕಾವಲಾಗಿ ನಿಂತಾಗ ಆಳ ಕಲಿಕೆಯ ಉಪಯೋಗ ಪೂರ್ಣವಾಗುತ್ತದೆ.

ನಮ್ಮ ದೇಶಕ್ಕೆ ಇದರ ಪ್ರಸ್ತುತತೆ

ಭಾರತದಲ್ಲಿ ಡ್ರೋನ್‌ಗಳು ಸಾರ್ವಜನಿಕ ಜೀವನದೊಳಗೆ ಬಂದಿವೆ. ಗ್ರಾಮಗಳ ವಸತಿ ಜಮೀನನ್ನು ಡ್ರೋನ್‌ಗಳಿಂದ ಅಳೆದು ಹಕ್ಕುಪತ್ರ ನೀಡುವ ಸ್ವಾಮಿತ್ವ ಯೋಜನೆಯು 2020ರ ಏಪ್ರಿಲ್ 24ರಂದು ಆರಂಭವಾಯಿತು. ಡ್ರೋನ್ ನಿಯಮಗಳು 2021ರ ಆಗಸ್ಟ್‌ನಲ್ಲಿ ಜಾರಿಗೆ ಬಂದವು. 15,000 ಮಹಿಳಾ ಸ್ವಸಹಾಯ ಗುಂಪುಗಳಿಗೆ ಕೃಷಿ ಕಾರ್ಯಕ್ಕಾಗಿ ಡ್ರೋನ್ ಒದಗಿಸುವ ಯೋಜನೆಗೆ ಕೇಂದ್ರ ಸಚಿವ ಸಂಪುಟವು 2023ರ ನವೆಂಬರ್‌ನಲ್ಲಿ ಒಪ್ಪಿಗೆ ನೀಡಿತು. ಮೆಮ್ಸ್ ಸಾಧನಗಳ ಸಂಶೋಧನೆಯು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿ ನಡೆದಿದೆ. ಸಾಧನವನ್ನು ಬಳಸುವವರೂ ತಯಾರಿಸುವವರೂ ದೇಶದಲ್ಲಿಯೇ ಇರುವಾಗ, ಸಂವೇದಕದ ವಿಶ್ವಾಸಾರ್ಹತೆ ಕೇವಲ ಪ್ರಯೋಗಾಲಯದ ವಿಷಯವಾಗಿ ಉಳಿಯುವುದಿಲ್ಲ. ಗದ್ದೆಯಲ್ಲಿ ಡ್ರೋನ್ ಹಾರಿಸುವ ಮಹಿಳೆಯ ಸುರಕ್ಷತೆಯೂ ಆಕೆಯ ಗುಂಪಿನ ಬಂಡವಾಳವೂ ಅದನ್ನು ಅವಲಂಬಿಸಿವೆ.

ಬಳಕೆದಾರರು ಅನುಸರಿಸಬಹುದಾದ ಕ್ರಮಗಳು ಸರಳವಾಗಿವೆ. ಸಾಧನದ ತಂತ್ರಾಂಶವನ್ನು ತಯಾರಕರು ಹೊರಡಿಸುವ ಹೊಸ ಆವೃತ್ತಿಗೆ ಕಾಲಕಾಲಕ್ಕೆ ಬದಲಾಯಿಸಿಕೊಳ್ಳಬೇಕು. ಹಾರಾಟಕ್ಕೆ ಮೊದಲು ಸಂವೇದಕಗಳ ಪರೀಕ್ಷೆಯನ್ನು ತಪ್ಪದೆ ನಡೆಸಬೇಕು. ಭಾರಿ ಧ್ವನಿವರ್ಧಕಗಳ ಸಮೀಪದಲ್ಲಿಯೂ ಜನರ ತಲೆಯ ಮೇಲೆಯೂ ಡ್ರೋನ್ ಹಾರಿಸಬಾರದು. ಡ್ರೋನ್ ಕಾರಣವಿಲ್ಲದೆ ನಡುಗಿದರೆ ಅಥವಾ ವಾಲಿದರೆ ಕೂಡಲೇ ಇಳಿಸಿ, ಹಾರಾಟದ ದಾಖಲೆಯನ್ನು ಅಳಿಸದೆ ತಯಾರಕರಿಗೆ ಒದಗಿಸಬೇಕು. ಇಂತಹ ದಾಖಲೆಗಳೇ ನಾಳಿನ ನರಜಾಲಕ್ಕೆ ಪಾಠಗಳಾಗುತ್ತವೆ. ಗಣಕ ಸುರಕ್ಷತೆಗೆ ಸಂಬಂಧಿಸಿದ ಘಟನೆಗಳನ್ನು 2004ರಿಂದ ಕಾರ್ಯನಿರ್ವಹಿಸುತ್ತಿರುವ ಭಾರತೀಯ ಕಂಪ್ಯೂಟರ್ ತುರ್ತು ಸ್ಪಂದನ ತಂಡಕ್ಕೆ ತಿಳಿಸಲು ಅವಕಾಶವಿದೆ.

ಯಂತ್ರಕ್ಕೆ ಸಂವೇದಕವನ್ನು ಜೋಡಿಸುವ ಕಲೆ ಮನುಷ್ಯನಿಗೆ ಕರಗತವಾಗಿ ದಶಕಗಳೇ ಕಳೆದಿವೆ. ಆ ಸಂವೇದಕ ಹೇಳಿದ್ದನ್ನೆಲ್ಲ ನಂಬದೆ, ಬೇರೆ ಸಾಕ್ಷಿಗಳನ್ನು ಕೇಳಿ ನಿರ್ಣಯಿಸುವ ವಿವೇಕವನ್ನು ಯಂತ್ರಕ್ಕೆ ಕಲಿಸುವ ಕಾರ್ಯ ಈಗ ನಡೆದಿದೆ. ಆ ಕಾರ್ಯ ಎಷ್ಟರಮಟ್ಟಿಗೆ ಸಫಲವಾಗುವುದೋ ಅಷ್ಟರಮಟ್ಟಿಗೆ ಇಂತಹ ಯಂತ್ರಗಳ ಕೆಳಗೆ ಓಡಾಡುವ ಜನರು ನಿಶ್ಚಿಂತರಾಗಿರಬಹುದು.